ಹಿರಿಯ ಮುತ್ತೈದೆಯ ಮಣೆ

ಶನಿವಾರ ಪೇಟೆಯ ಹಲವು ಸಂಸಾರಗಳ ಆ ವಾಡೆಯಲ್ಲಿ ಅಂಬಾಬಾಯಿಯ ನೆಮ್ಮದಿ ಕೆಟ್ಟದ್ದು ಒಂದು ಬಟ್ಟಲು ಕುಂಕುಮದಿಂದ. ನಲ್ಲಿಯ ಮೊದಲ ಸರದಿಯ ನೀರು ತಂದು, ಒಲೆ ಹೊತ್ತಿಸಿ, ಎಸರಿಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕೆಳಗಿನ ಮನೆಯ ಇಂದೂ ಎಂಬ ಹೊಸ ಸೊಸೆ ಆ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಅವಳಿಗೆ ಇದು ಮದುವೆಯಾದ ಮೇಲೆ ಮೊದಲನೆಯ ಚೈತ್ರಗೌರಿ. ಹೇಳಿಕೊಡಲು ಮನೆಯಲ್ಲಿ ಅತ್ತೆ ಇಲ್ಲ.

"ಮಾವಶಿ, ಮಧ್ಯಾಹ್ನದ ಮ್ಯಾಲೆ ಅರಿಷಿಣ-ಕುಂಕುಮಕ್ಕ ಬರಬೇಕ್ರಿ. ಈ ವಾಡೇದಾಗ ಹಿರೇ ಮುತ್ತೈದಿ ಅಂದ್ರ ನೀವ ಅಂತಲ್ಲ. ಮೊದಲ ನಿಮ್ಮನ್ನ ಮಣಿ ಮ್ಯಾಲೆ ಕೂಡಿಸಿ, ಕಾಲು ತೊಳದು, ಉಡಿ ತುಂಬಿ, ಆಮ್ಯಾಲೆ ಉಳಿದವರಿಗೆ."

ಅಂಬಾಬಾಯಿಯ ಹಣೆಗೆ ಕುಂಕುಮ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. "ಹಿರೇಕಿ ಅಂತ ಯಾರ ಹೇಳಿದ್ರು ನಿನಗ?"

"ಕೃಷ್ಣಕ್ಕಾರು ಹೇಳಿದ್ರು."

ಮತ್ತಾರು ಹೇಳುತ್ತಾರೆ! ಮಾಳಿಗೆಯ ಮೇಲಿನ ಕೃಷ್ಣಾಬಾಯಿಗೆ ವಾಡೆಯ ಎಲ್ಲ ಹೆಂಗಸರ ವಯಸ್ಸು ಬಾಯಿಪಾಠ. ಆಗೆಲ್ಲ ಯಾರಿಗೂ ಹುಟ್ಟಿದ ತಾರೀಖು ಎಂಬುದಿರಲಿಲ್ಲ, ಪ್ಲೇಗಿನ ವರ್ಷ ಎಂಬುದಿತ್ತು. ಆ ವರ್ಷ ಯಾರು ತೊಟ್ಟಿಲಲ್ಲಿದ್ದರು, ಯಾರು ಲಂಗದಲ್ಲಿದ್ದರು, ಯಾರು ಸೀರೆಯಲ್ಲಿದ್ದರು ಎಂದು ಹಿಡಿದು ಆಕೆ ಬೆರಳು ಮಡಿಚಿ ಲೆಕ್ಕ ಹೇಳಿಬಿಡುತ್ತಿದ್ದಳು. ಸ್ವತಃ ಕೃಷ್ಣಾಬಾಯಿಯ ಕೂದಲು ಕಾಗೆಯ ರೆಕ್ಕೆಯಷ್ಟು ಕಪ್ಪು, ಹಲ್ಲು ಒಂದೂ ಅಲುಗಿಲ್ಲ. ಆಕೆಯ ವಯಸ್ಸೆಷ್ಟೆಂದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಳೆಯುವ ಸೇರನ್ನು ಯಾರೂ ಅಳೆಯುವುದಿಲ್ಲವಲ್ಲ.

ಮಣೆಯೇನು, ಒಂದು ಗಳಿಗೆ ಕೂತು ಎದ್ದರಾಯಿತು ಎಂದು ಗಂಡಸರಿಗೆ ಅನ್ನಿಸಬಹುದು. ಅಂಬಾಬಾಯಿಗೆ ಅದರ ಮರ್ಮ ಗೊತ್ತಿತ್ತು. ಹೋದ ವರ್ಷದ ತನಕ ಆ ಮಣೆಯ ಮೇಲೆ ಕೂಡುತ್ತಿದ್ದ ಮುದುಕಿ ನಾಸಿಕಕ್ಕೆ ಮಗನ ಮನೆಗೆ ಹೋಗಿಬಿಟ್ಟಿದ್ದಳು. ಮೊದಲ ಸಲ ಅವಳು ಮಣೆ ಏರಿದ ಮರುದಿನದಿಂದಲೇ ಮಕ್ಕಳೆಲ್ಲ ಅವಳನ್ನು ಅಜ್ಜಿ ಅಂದರು, ಬಸುರಿ ಹುಡುಗಿಯರು ಕಷಾಯ ಕೇಳತೊಡಗಿದರು, ಕೈ ಕೈ ಹಿಡಿದು ಸುತ್ತುವ ಫುಗಡಿಗೆ ಯಾರೂ ಎಳೆಯಲಿಲ್ಲ. ಆ ಮಣೆ ಏರಲು ಬರುತ್ತದೆ, ಇಳಿಯಲು ಬರುವುದಿಲ್ಲ.

ಊಟಕ್ಕೆ ಕೂತ ಗಂಡನನ್ನು ಅಂಬಾಬಾಯಿ ಕೇಳಿದಳು. "ಇಲ್ಲಿ ಕೇಳ್ರಿ, ನನಗ ವಯಸ್ಸಾಗೇದ ಏನ್ರಿ?"

ಕಚೇರಿಯಲ್ಲಿ ಸಾಹೇಬರ ಪ್ರಶ್ನೆಗೆ ಉತ್ತರಿಸಿ ಪಳಗಿದ ದಿಗಂಬರರಾಯರು ಅನ್ನ ಕಲಸುತ್ತ ಹೇಳಿದರು. "ನಿನಗ? ಯಾರಂದ್ರು? ಮೊದಲಿನಂಗ ಅದೀ."

ಅಲ್ಲಿಗೇ ನಿಂತಿದ್ದರೆ ಒಳ್ಳೆಯದಿತ್ತು. "ಒಂದೀಟು ಕೇಳಸೂದಿಲ್ಲ, ಒಂದೀಟು ಕಾಣಸೂದಿಲ್ಲ, ಅಷ್ಟ," ಎಂದು ಸೇರಿಸಿದರು. ಆ ದಿನ ರಾಯರಿಗೆ ಮಜ್ಜಿಗೆ ಬರಲಿಲ್ಲ.

ನಲ್ಲಿಯ ಹತ್ತಿರ ಅರಿವೆ ಒಗೆಯಲು ಹೋದರೆ ಅಲ್ಲಿ ರುದ್ರವ್ವ ಇದ್ದಳು. ಬೆಳಗಾವಿ ಕಡೆಯವಳು, ಅರಿವೆ ಅಂಗಡಿಯ ಮಲಕಪ್ಪನ ಹೆಂಡತಿ, ನೋಡಲು ಅಂಬಾಬಾಯಿಯ ಓರಗೆಯವಳು.

"ರುದ್ರವ್ವ, ಇಂದೂನ ಮನ್ಯಾಗ ಹಿರೇ ಮುತ್ತೈದಿ ಮಣಿ ಅದ. ನೀವ ಕೂಡ್ರಿ," ಎಂದಳು ಅಂಬಾಬಾಯಿ ಸಕ್ಕರೆಯಂಥ ದನಿಯಲ್ಲಿ. "ನನಗ ಶೋಭಿಸೂದಿಲ್ಲ. ಪ್ಲೇಗಿನ ವರ್ಷ ನಾ ತೊಟ್ಟಲಾಗಿದ್ದೆ."

"ನೀವು ತೊಟ್ಟಲಾಗರ ಇದ್ರಿ," ಎಂದಳು ರುದ್ರವ್ವ ಸೀರೆ ಹಿಂಡುತ್ತ. "ನಾ ಇನ್ನ ಹುಟ್ಟೇ ಇರಲಿಲ್ರಿ."

ಮಾಳಿಗೆಯ ಕಟಕಟೆಯಿಂದ ಕೃಷ್ಣಾಬಾಯಿಯ ದನಿ ಬಂತು. "ಅಂಬಾ, ಸೊಲ್ಲಾಪುರದಾಗಿರೋ ನಿನ್ನ ಹಿರೇಮಗಗ ಈಗ ಮೂವತ್ತು ದಾಟ್ಯಾವ. ಪ್ಲೇಗಿನಾಗ ನೀ ತೊಟ್ಟಲಾಗಿದ್ರ, ಅವನ್ನ ಹಡದಾಗ ನಿನ್ನ ಹಾಲಹಲ್ಲು ಬಿದ್ದಿದ್ವೋ ಇಲ್ಲೋ? ಮತ್ತ ರುದ್ರವ್ವ, ನಿನ್ನ ಮೊಮ್ಮಗಳಿಗೇ ಗಂಡು ನೋಡ್ಲಿಕ್ಕತ್ತೀರಿ. ನೀ ಹುಟ್ಟಿದ್ದು ನಿನ್ನ ಮಗಳಿಗಿಂತ ಮೊದಲೋ, ಆಮ್ಯಾಲೋ?"

ನಲ್ಲಿಯ ಸುತ್ತಲಿನ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು.

ಮಾತಿನಲ್ಲಿ ಸೋತ ಮೇಲೆ ಕೈಯಲ್ಲಿ ತೋರಿಸುವುದೊಂದೇ ದಾರಿ. ಹಸಿರು ಇಳಕಲ್ ಸೀರೆಗೆ ಕಚ್ಚೆ ಹಾಕಿ ಅಂಬಾಬಾಯಿ ಹೊತ್ತಿಗೆ ಮೊದಲೇ ಇಂದೂನ ಮನೆಗೆ ನಡೆದಳು. "ಏನ ಕೆಲಸ ಅದ ಹೇಳು. ನಾ ಮಾಡ್ತೇನಿ. ಪ್ರಾಯದವರು ಬಿಟ್ಟು ಮುದುಕೇರು ಮಾಡ್ತಾರೇನು?" ಅದೇ ವಿಚಾರ ರುದ್ರವ್ವನಿಗೂ ಬಂದಿತ್ತು. ಇವಳು ಒಂದು ಕೊಡ ತಂದರೆ ಅವಳು ಎರಡು ತಂದಳು. ಅವಳು ಕಾಯಿ ಹೆರೆದರೆ ಇವಳು ಏಣಿ ಏರಿ ತೋರಣ ಕಟ್ಟಿದಳು. ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆಯೆಂದು ಕಾಲಿಟ್ಟರೆ ನೆಲವೇ ಬಂತು, ಮುಗ್ಗರಿಸಿ ಬಿದ್ದಳು. ಆದರೂ ನಗುತ್ತಲೇ ಎದ್ದಳು. ಹುಡುಗಿಯರು ಫುಗಡಿಗೆ ಕರೆದರೆ ಇಬ್ಬರೂ ಪರಸ್ಪರ ಕೈ ಹಿಡಿದು, ಹಲ್ಲು ಕಚ್ಚಿ, ನೀ ಮೊದಲು ಬಿಡು ನೀ ಮೊದಲು ಬಿಡು ಎಂಬಂತೆ ಗಿರಗಿರ ಸುತ್ತಿದರು. ಯಾರೂ ಬಿಡಲಿಲ್ಲ. ಕಡೆಗೆ ವಾಡೆಯ ನಾಲ್ಕೂ ಗೋಡೆಗಳು ಅವರ ಸುತ್ತ ಫುಗಡಿ ಆಡತೊಡಗಿದಾಗ ಇಬ್ಬರೂ ತೋಯ್ದ ಹಾಸಿಗೆಯಂತೆ ಒಬ್ಬರ ಮೇಲೊಬ್ಬರು ಬಿದ್ದರು.

ಇಂದೂಗೆ ಪೂರ್ತಿ ನಂಬಿಗೆಯಾಯಿತು. "ತಪ್ಪಾತ್ರಿ. ನೀವಿಬ್ರೂ ಹಿರೇರಲ್ಲ, ನನಗಿಂತ ಚುರುಕದೀರಿ. ಹಂಗಾದ್ರ ಈ ಒರಳಿನ ಮುಂದ ಕೂಡ್ರಿ. ಕೋಸಂಬರೀದು ಕಡ್ಲಿಬ್ಯಾಳಿ ಇನ್ನೂ ಒಂದು ಬುಟ್ಟಿ ಅದ."

ಗೆದ್ದ ಅಂಬಾಬಾಯಿ ಬೇಳೆ ತರಿತರಿಯಾಗಿ ರುಬ್ಬುತ್ತ ತಲೆಯೆತ್ತಿ ನೋಡಿದಳು. ಎದುರಿಗೆ ಗೌರಿಯ ಪಕ್ಕದಲ್ಲಿ ಆ ಮಣೆ ಖಾಲಿ ಇತ್ತು. ಕಿಟಕಿಯ ಗಾಳಿ ನೇರ ಅದರ ಮೇಲೇ ಬೀಳುತ್ತಿತ್ತು. ಒರಗಲು ಗೋಡೆ, ಕಾಲು ತೊಳೆಯಲು ತಾಮ್ರದ ಬೋಗುಣಿಯಲ್ಲಿ ಬಿಸಿನೀರು, ಬೆಳ್ಳಿಯ ಲೋಟದಲ್ಲಿ ಪಾನಕ, ಬೀಸಲು ಲಾವಂಚದ ಬೀಸಣಿಗೆ. ಮದುವೆಯಾಗಿ ಬಂದಂದಿನಿಂದ ಅವಳು ಎಲ್ಲರಿಗೂ "ಕೂಡ್ರಿ" ಅಂದಿದ್ದಳು. ಗಂಡನಿಗೆ, ಮಕ್ಕಳಿಗೆ, ಬಂದ ಹೋದವರಿಗೆ. ಅವಳಿಗೆ ಯಾರಾದರೂ "ಕೂಡು" ಅಂದದ್ದು ನೆನಪಿಗೆ ಬರಲಿಲ್ಲ. ಇವತ್ತು ಮುಂಜಾನೆ ಒಬ್ಬಳು ಬಾಗಿಲಿಗೆ ಬಂದು ಅಂದಿದ್ದಳು. ಆ ಮಾತನ್ನು ತಾನೇ ಹೊರಗೆ ಅಟ್ಟಿಬಿಟ್ಟಿದ್ದಳು.

ಅಂಬಾಬಾಯಿ ಗುಂಡುಕಲ್ಲು ಬಿಟ್ಟಳು. "ಇಂದೂ, ಗೌರಿ ಮುಂದ ಸುಳ್ಳು ಬ್ಯಾಡ. ಪ್ಲೇಗಿನ ವರ್ಷ ನಾ ತೊಟ್ಟಲಾಗ ಇರಲಿಲ್ಲ. ನನ್ನ ಲಗ್ನ ಆಗಿತ್ತು."

ಒರಳಿನ ಆ ಬದಿಯಿಂದ ರುದ್ರವ್ವನೂ ಮಣೆಯನ್ನೇ ನೋಡುತ್ತಿದ್ದಳು. "ಲಗ್ನ ಅಷ್ಟ ಏನ್ರಿ? ನಾ ಆಗ ಒಂದು ಹಡದಿದ್ದೆ."

"ನಾ ಎರಡು."

"ನನ್ನ ಎರಡನೇದಕ್ಕ ಆಗಲೇ ಜವಳ ಆಗಿತ್ರಿ."

"ನಾ ಮೂರನೇದಕ್ಕ ತವರಿಗೆ ಹೋಗಿದ್ದೆ."

ಇಬ್ಬರೂ ಎದ್ದು ಮಣೆಯ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಕೃಷ್ಣಾಬಾಯಿಗೆ ತಡೆಯಲಾಗಲಿಲ್ಲ. ವರ್ಷ ಕಡಿಮೆ ಹೇಳುವುದನ್ನು ಆಕೆ ಸಹಿಸಬಲ್ಲಳು. ಅದು ಹೆಂಗಸರ ಧರ್ಮ. ಹೆಚ್ಚು ಹೇಳುವುದೆಂದರೆ ಲೆಕ್ಕಕ್ಕೇ ಅವಮಾನ.

"ಬಾಯಿ ಮುಚ್ಚ ಅಂಬಾ. ಎಲ್ಲೀ ಲಗ್ನ, ಎಲ್ಲೀ ಕೂಸು? ಪ್ಲೇಗಿನಾಗ ಧಾರವಾಡ ಬಿಟ್ಟು ಎಲ್ಲಾರೂ ಹೊಲದಾಗ ಗುಡಿಸಲಾ ಹಾಕಿದ್ವಿ. ನಿಮ್ಮವ್ವ ಜ್ವರ ಬಂದು ಮಲಗಿದ್ಲು. ನೀ ಲಂಗಾ ಉಟಗೊಂಡು ತಲಿತುಂಬ ಹೇನು ಮಾಡಿಕೊಂಡು ಅಳಕೋತ ಕೂತಿದ್ದಿ. ದಿನಾ ನಿನ್ನ ತಲಿ ಬಾಚಿದಾಕಿ ನಾನು. ತೊಡಿ ಮ್ಯಾಲೆ ನಮ್ಮ ಎರಡನೇ ಕೂಸು ಮಲಗಿಸಿಕೊಂಡು, ಮೊಣಕಾಲ ಸಂದ್ಯಾಗ ನಿನ್ನ ತಲಿ ಹಿಡಕೊಂಡು..."

ಕೃಷ್ಣಾಬಾಯಿಯ ಬೆರಳು ಮಡಿಚಿದ್ದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಹೆಂಗಸರೆಲ್ಲ ತಿರುಗಿ ಆಕೆಯ ಕಾಗೆಗಪ್ಪು ಕೂದಲನ್ನು ನೋಡಿದರು.

ಇಂದೂ ಮೆಲ್ಲಗೆ ಕೇಳಿದಳು. "ಎರಡನೇ ಕೂಸು ಏನ್ರಿ, ಕೃಷ್ಣಕ್ಕಾರ?"

ಹುಡುಗಿಯರು ಎರಡೂ ಕಡೆ ಕೈ ಹಿಡಿದು ಕೃಷ್ಣಾಬಾಯಿಯನ್ನು ಮಣೆಯ ಮೇಲೆ ಕೂಡಿಸಿದರು. ಮೊದಲು ಮುಖ ಹುಳಿ ಮಾಡಿದ ಆಕೆ ಬೀಸಣಿಗೆಯ ಗಾಳಿ ಬಿದ್ದೊಡನೆ ಗೋಡೆಗೆ ಒರಗಿಬಿಟ್ಟಳು.

ಅಂಬಾಬಾಯಿ ಇಂದೂನ ಕೈಯಿಂದ ಬೋಗುಣಿ ತೆಗೆದುಕೊಂಡು ತಾನೇ ಆ ಕಾಲುಗಳನ್ನು ತೊಳೆದಳು. ಹೊಲದ ಗುಡಿಸಲು, ಉರಿಬಿಸಿಲು, ಒಳಗೆ ನರಳುವ ಅವ್ವ, ಜಗ್ಗಿ ಜಗ್ಗಿ ತಲೆ ಬಾಚುವ ಒಂದು ಕೈ. ಆ ಕೈಗೆ ಒಂದು ಮುಖ ಇತ್ತೆಂಬುದೇ ಅವಳಿಗೆ ಮರೆತುಹೋಗಿತ್ತು. ಆ ವರ್ಷ ಅವಳ ಓಣಿಯ ಎಷ್ಟೋ ಹುಡುಗಿಯರಿಗೆ ವಯಸ್ಸಾಗಲೇ ಇಲ್ಲ. ತನಗೆ ಆಯಿತು.

"ಯಾಕ್ರಿ ಕೃಷ್ಣಕ್ಕ, ಒಂದ ವಾಡೇದಾಗ ಇಷ್ಟು ವರ್ಷ ಇದ್ದು ಒಂದ ಮಾತು ಹೇಳಲಿಲ್ಲ?"

"ಗುರುತು ಬಂದ ದಿನಾನ ಹೇಳಬೇಕಂದಿದ್ದೆ ಮಗಳ. ಹೇಳಿದ್ರ ನನ್ನ ವಯಸ್ಸು ಹೊರಗ ಬೀಳ್ತಿತ್ತಲ್ಲ."

ಅಂಬಾಬಾಯಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹೊರಗೆ ಅಂಗಳದಲ್ಲಿ ಮಾತ್ರ ಸುದ್ದಿ ಬೇರೆಯೇ ಹೊರಟಿತ್ತು. ಅಂಬಾಬಾಯಿ ಪ್ಲೇಗಿಗೆ ಮೊದಲೇ ಮೂರು ಹಡೆದವಳಂತೆ, ಗೌರಿಯ ಮುಂದೆ ತಾನೇ ಒಪ್ಪಿಕೊಂಡಳಂತೆ ಎಂದು. ಒಂದು ಕೂಸು ಓಡಿಬಂದು, "ಅಜ್ಜಿ, ಪಾನಕ ಕೊಡ್ರಿ," ಎಂದು ಅವಳ ಸೆರಗು ಜಗ್ಗಿತು. ಪ್ರಾಯವೂ ಹೋಯಿತು, ಮಣೆಯೂ ಸಿಗಲಿಲ್ಲ.

"ಅಂಬಕ್ಕಾ, ಬರ್ರಿ," ಎಂದು ರುದ್ರವ್ವ ಒರಳಿನ ಮುಂದಿನಿಂದ ಕೂಗಿದಳು. "ಬ್ಯಾಳಿ ಕಾಯಲಿಕ್ಕತ್ತೇದ. ಮಣಿ ಬರೋ ವರ್ಷ ನೋಡೂಣಂತ."

ಕೃಷ್ಣಾಬಾಯಿ ಪಾನಕ ಗುಟುಕರಿಸಿ ತಣ್ಣಗೆ ಹೇಳಿದಳು. "ಬರೋ ವರ್ಷದ್ದು ಏನೂ ಅವಸರ ಇಲ್ಲವ್ವಾ. ನಮ್ಮವ್ವ ತೊಂಬತ್ತು ದಾಟಿ ಬದುಕಿದ್ಲು. ನಮ್ಮನಿಯವರು ಇನ್ನೂ ದಿನಾ ಮುಂಜಾನೆ ಪರ್ವತಿ ಗುಡ್ಡ ಹತ್ತಿ ಇಳೀತಾರ."

"ಇರ್ರಿ ಕೃಷ್ಣಕ್ಕ, ನೂರು ವರ್ಷ ಇಬ್ರೂ ಇರ್ರಿ," ಎಂದಳು ಅಂಬಾಬಾಯಿ. ಮನಸ್ಸು ತುಂಬಿಯೇ ಅಂದಳು. ಒರಳಿನ ಕಡೆಗೆ ಹೋಗಲು ಎದ್ದಾಗ ಅವಳ ಮೊಣಕಾಲು ಮಾತ್ರ ಆ ಮಾತಿಗೆ ಒಪ್ಪಲಿಲ್ಲ.