ಪ್ರೇಮನಾಥರ ಪರ್ವತಾರೋಹಣ

ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವಿನ ಉಡುಪಿ ಹೋಟೆಲೊಂದರ ಮ್ಯಾನೇಜರ್ ಪ್ರೇಮನಾಥರ ಸಂಸಾರದಲ್ಲಿ ಭಾನುವಾರ ಎಂಬುದೇ ಇರಲಿಲ್ಲ. ಭಟ್ಟ ಊರಿಗೆ ಹೋದ, ಗ್ರೈಂಡರ್ ಕೆಟ್ಟಿತು, ಹಾಲು ಒಡೆಯಿತು ಅಂತ ಫೋನ್ ಬರುವುದು, ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡುವುದು. ಈ ಸಲ ಹಾಗೆ ಓಡಿ ಹೋಗಿ ಬಂದಾಗ ಹೆಂಡತಿ ಲೋಲಾಕ್ಷಿ ಕೂಗಾಡಲಿಲ್ಲ, ಪಾತ್ರೆ ಕುಕ್ಕಲಿಲ್ಲ. (ಅದೇ ಭಯಂಕರ.)

"ಒಂದು ಭಾನುವಾರ ಪೂರ್ತಿ ನನ್ನ ಜೊತೆ ಇದ್ದು ತೋರಿಸಿ. ಆಗದಿದ್ರೆ ಇನ್ನು ನಿಮ್ಮನ್ನು ಎಲ್ಲಿಗೂ ಕರೆಯುದಿಲ್ಲ" ಎಂದು ಮೆತ್ತಗೆ ಹೇಳಿ ಬಟ್ಟೆ ಒಣಹಾಕಲು ಹೋದಳು.

ಪ್ರೇಮನಾಥರ ಜೀವ ಬಾಯಿಗೆ ಬಂತು. ಹೋಟೆಲಿನವರ ಕೈಗೆ ಸಿಗದ ಜಾಗವೆಂದರೆ ಗುಡ್ಡವೇ ಸೈ. ಅಂದಿನಿಂದ ಗಲ್ಲೆಯಲ್ಲಿ ಕೂತು ಗಿರಾಕಿಗಳ ಬೂಟು ನೋಡುವುದೇ ಕೆಲಸ. ಮಣ್ಣು ಮೆತ್ತಿದ ಬೂಟು ಕಂಡರೆ ಸಾಕು, ಪುಕ್ಕಟೆ ಚಹಾ ಕುಡಿಸಿ ದಾರಿ ಕೇಳುವುದು. ಒಬ್ಬ ಯೇವೂರ ಕಾಡು ಎಂದ, ಇನ್ನೊಬ್ಬ ಪಾರ್ಸಿಕ್ ಗುಡ್ಡ ಎಂದ, ಮತ್ತೊಬ್ಬ ಸೈಕಲ್ ತುಳಿಯಿರಿ ಎಂದ. ಸೈಕಲ್ಲನ್ನೂ ಬಾಡಿಗೆಗೆ ತಂದದ್ದಾಯಿತು. ಅದು ವಸತಿ ಸೊಸೈಟಿಯ ಗೇಟು ದಾಟುವ ಮೊದಲೇ ಇವರನ್ನು ವಾಚ್‌ಮನ್ ಚಂದ್ರಾಮನ ಕುರ್ಚಿಯಲ್ಲಿ ಕೂರಿಸಿತು. (ಚಂದ್ರಾಮನೂ ಅದರಲ್ಲೇ ಕೂತಿದ್ದ.) ಕೊನೆಗೆ ಘಣಸೋಲಿಯ ತಮ್ಮ ಮನೆಯ ಹಿಂದಿನ ಗುಡ್ಡಕ್ಕೇ ಪಾದಯಾತ್ರೆ ಎಂದು ಘೋಷಿಸಿದರು.

ನವರಾತ್ರಿಯ ಭಾನುವಾರ ಫೋನನ್ನು ಬೀರುವಿನಲ್ಲಿಟ್ಟು ಹೊರಟರು. ಮಳೆಗಾಲ ಮುಗಿದು ಹುಲ್ಲಿನ ತುದಿ ಹಳದಿಗೆ ತಿರುಗಿತ್ತು. ಲೋಲಾಕ್ಷಿ ಹೊಸ ಬೂಟು ಹಾಕಿಕೊಂಡು ಹುಡುಗಿಯ ಹಾಗೆ ಮುಂದೆ ಮುಂದೆ ಹತ್ತುತ್ತಿದ್ದಳು. ಒಂದು ತಿರುವಿನಲ್ಲಿ ನಿಂತು, "ನನಗೆ ಎಷ್ಟು ಖುಷಿ ಆಗ್ತಾ ಉಂಟು ಗೊತ್ತುಂಟಾ ಮಾರಾಯ್ರೆ" ಎಂದಳು. ಪ್ರೇಮನಾಥರಿಗೆ ಕಣ್ಣು ತುಂಬಿ ಬಂತು. ಏದುಸಿರಿನ ಪಾಲೂ ಅದರಲ್ಲಿ ಇತ್ತೆನ್ನಿ.

ಅರ್ಧ ಗುಡ್ಡದಲ್ಲೊಂದು ದೇವಿಯ ಗುಡಿ. ಅಲ್ಲಿ ಭಂಡಾರಾ, ಬಂದವರಿಗೆಲ್ಲ ಊಟ. ದಾಟಿ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಬಡಿಸುವವ ಮೊದಲು ಸಿಹಿ ಶಿರಾ ಹಾಕಿ, ಅದರ ತಲೆಯ ಮೇಲೇ ದಾಲ್ ಸುರಿದದ್ದನ್ನು ಪ್ರೇಮನಾಥರು ಕಣ್ಣಾರೆ ಕಂಡರು. ಹೋಟೆಲಿನ ಅನ್ನ ತಿಂದ ಜೀವ, ಹೇಗೆ ಸಹಿಸೀತು? "ಒಂದೇ ನಿಮಿಷ, ಈಗ ಬಂದೆ" ಎಂದು ಕೊರಳಿನ ಬೈರಾಸು ಸೊಂಟಕ್ಕೆ ಬಿಗಿದರು.

ಶಿರಾ ಕೊನೆಗೆ ಹೋಯಿತು, ಉಪ್ಪಿನಕಾಯಿ ಮೊದಲಿಗೆ ಬಂತು, ಸಾಲು ಎರಡಾಯಿತು, ದಾಲಿನ ಬಕೆಟ್ಟು ಇವರ ಕೈಗೆ ಬಂತು. ಲೋಲಾಕ್ಷಿ ಬಂಡೆಯ ಮೇಲೆ ಕೂತು ಎರಡು ಸಲ ಕರೆದಳು. ಈ ಸಾಲು ಮುಗಿಯಲಿ ಎಂದರು. ಸಾಲು ಮುಗಿಯುವ ಜಾತಿಯದಲ್ಲ. ಅಷ್ಟರಲ್ಲಿ ಕೋಪರಖೈರಣೆಯಿಂದ ಚಾರಣಕ್ಕೆ ಬಂದ ಹೆಂಗಸರ ಗುಂಪೊಂದು ಹಾದುಹೋಯಿತು. ಲೋಲಾಕ್ಷಿ ಎದ್ದು ಅವರ ಹಿಂದೆ ನಡೆದಳು. ಪ್ರೇಮನಾಥರು ಆಗ ಪಲ್ಯ ಸಾಲದೆಂದು ಒಳಗೆ ಗದರುತ್ತಿದ್ದರು.

ಬಿಸಿಲು ನೆತ್ತಿಗೇರಿದಾಗ ಆ ಗುಂಪು ನಗುತ್ತಾ ಇಳಿದು ಬಂದು ಊಟಕ್ಕೆ ನಿಂತಿತು. ಮುಡಿಯಲ್ಲಿ ಕಾಡುಹೂ, ಕೆಂಪೇರಿದ ಮುಖ, ಯಾರಪ್ಪಾ ಈ ಚೆಲುವೆ ಎಂದು ನೋಡಿದರೆ ತಮ್ಮವಳೇ! ಗುಂಪಿನ ನಾಯಕಿ ಸೋನಾಲಿ, ಬರುವ ವಾರ ನಿಮ್ಮ ಯಜಮಾನರನ್ನೂ ಕರೆತನ್ನಿ ಎಂದು ಮರಾಠಿಯಲ್ಲಿ ಹೇಳುತ್ತಿದ್ದಳು. ಪಾಪ, ಅವರಿಗೆ ಹೋಟೆಲು ಬಿಟ್ಟು ಬರಲಿಕ್ಕಾಗುದಿಲ್ಲ, ನಾನೊಬ್ಬಳೇ ಬರ್ತೇನೆ ಎಂದು ಲೋಲಾಕ್ಷಿ ಅಷ್ಟೇ ಚೊಕ್ಕ ಮರಾಠಿಯಲ್ಲಿ ಉತ್ತರಿಸಿದಳು.

ಆಮೇಲೆ ಗುರುತು ಪರಿಚಯವೇ ಇಲ್ಲದವಳ ಹಾಗೆ, ದಾಲಿನ ಬಕೆಟ್ಟು ಹಿಡಿದು ನಿಂತಿದ್ದ ಗಂಡನ ಮುಂದೆ ತಟ್ಟೆ ಹಿಡಿದಳು.

"ಸ್ವಲ್ಪ ಅಡಿಯಿಂದ ಕಲಕಿ ಹಾಕಿ."

ಪ್ರೇಮನಾಥರು ಅಡಿಯಿಂದ ಕಲಕಿ ಹಾಕಿದರು.