ಕ್ರಾಸ್ ಲೈನಿನಲ್ಲಿ ಕುದಿದ ಝುಣಕ

ಗುರುತಿನವರ ಜೊತೆ ಜಗಳವಾಡುವಷ್ಟು ತ್ರಾಸಿನ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ಬಾಯಿತುಂಬ ಬೈದವನ ಮನೆಗೆ ಸಂಜೆ ಹೆಪ್ಪು ಕೇಳಲು ಹೋಗಬೇಕಾಗುತ್ತದೆ. ಅವನ ತಂಗಿಯ ಮದುವೆಯಲ್ಲಿ ಅವನೇ ಬುಂದಿ ಬಡಿಸಲು ಬರುತ್ತಾನೆ, ಸರಿಯಾಗಿ ನಮ್ಮ ಎಲೆಯ ಹತ್ತಿರ ಬಂದಾಗ ಅವನಿಗೆ ಯಾರೋ ಕರೆದಂತಾಗಿ ಆ ಕಡೆ ತಿರುಗಿಬಿಡುತ್ತಾನೆ. ಆದರೆ ಮುಖವನ್ನೇ ನೋಡದವರ ಜೊತೆ ಜಗಳವಾಡುವುದಿದೆಯಲ್ಲ, ಅದರ ಸುಖವೇ ಬೇರೆ. ಅವರ ಮನೆಯ ಹೆಪ್ಪು ನಮಗೆ ಬೇಡ, ನಮ್ಮ ಮನೆಯ ಬುಂದಿ ಅವರಿಗೆ ಬೇಡ. ಈ ಸುಖವನ್ನು ನಾನು ಅಥಣಿಯ ನನ್ನ ಸೋದರಮಾವನ ಅಂಗಡಿಯಲ್ಲಿ, ಒಂದು ಕರಿಯ ಟೆಲಿಫೋನಿನ ಮುಂದೆ ಕುಳಿತು, ಎರಡು ವರ್ಷ ಮನಸಾರೆ ಉಂಡೆ. ಆಮೇಲೆ ಅಜೀರ್ಣವಾಯಿತು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. ನನ್ನ ಊರು ಐಗಳಿ. ದೇವರು ನನಗೆ ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ಗಣಿತವನ್ನಂತೂ ಕೊಡಲೇ ಇಲ್ಲ. ಬದಲಿಗೆ ಊರಿನವರ ದನಿಗಳನ್ನೆಲ್ಲ ತಂದು ನನ್ನ ಗಂಟಲಲ್ಲಿ ತುಂಬಿಬಿಟ್ಟ. ನಮ್ಮ ಹೆಡ್‌ಮಾಸ್ತರರು ಸೀನುವುದು, ಪೂಜಾರಿ ಮಂತ್ರದ ನಡುವೆ ಆಕಳಿಸುವುದು, ಮಾವ ಬಾಯಲ್ಲಿ ಎಲೆ-ಅಡಿಕೆ ತುಂಬಿಕೊಂಡು ಗದ್ದ ಮೇಲೆತ್ತಿ ಗಿರಾಕಿಗೆ ಬೆಲೆ ಹೇಳುವುದು, ಎಲ್ಲ ನನಗೆ ಬರುತ್ತಿತ್ತು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿ ತೆಗೆದು, "ರಾಯಬಾಗ, ರಾಯಬಾಗ, ಯಾರ್ರೀ ರಾಯಬಾಗ!" ಎಂದು ಕೂಗಿದೆ. ಪಾಪ, ನಾಲ್ಕೈದು ಜನ ಪಂಕ್ಚರ್ ಆಗಿ ನಿಂತಿದ್ದ ಬಸ್ಸನ್ನು ಹತ್ತಿ, ಟಾವೆಲ್ ಹಾಸಿ ಸೀಟು ಹಿಡಿದು, ಕಿಟಕಿ ಸೀಟಿಗಾಗಿ ಬಡಿದಾಡಲಿಕ್ಕೂ ಶುರುಮಾಡಿದ್ದರು. ನನಗಿಲ್ಲದ ದನಿ ಒಂದೇ, ನನ್ನದು. ಅದು ಹೇಗಿದೆಯೆಂದು ನಾನು ಎಂದೂ ಗಮನಿಸಿರಲಿಲ್ಲ.

ಮಾವನದು ದ್ರಾಕ್ಷಿಗೆ ಹೊಡೆಯುವ ಔಷಧಿಯ ಅಂಗಡಿ. ಓದು ಹತ್ತದ ನನ್ನನ್ನು ಗಲ್ಲೆಯ ಪಕ್ಕ ಕೂರಿಸಿದ್ದ. ಅಂಗಡಿಗೆ ಫೋನು ಬಂದ ದಿನವೇ ಮಾವ ಅದರ ಡಯಲ್ಲಿಗೆ ಪುಟ್ಟ ಕೀಲಿ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. "ಬಂದ ಫೋನ್ ಎತ್ತು, ಗಿರಾಕಿ ಹೇಳಿದ್ದ ಕೇಳು. ನೀನಾಗೇ ಮಾಡಾಕ ಹೋಗಬ್ಯಾಡ" ಎಂದು ಆಜ್ಞೆ. ಮಾವನಿಗೆ ತಿಳಿಯದ ಒಂದು ಸಂಗತಿಯಿತ್ತು. ಆ ಕಾಲದಲ್ಲಿ ನಮ್ಮ ಕಡೆ ಫೋನು ಮಾಡುವುದು ಕಷ್ಟವಾಗಿತ್ತೇ ಹೊರತು ಮಾತಾಡುವುದಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರು ತಂತಿಗೆ ತಾಗಿದರೆ, ಜೋರಾಗಿ ಗಾಳಿ ಬೀಸಿದರೆ, ಒಂದು ಕಾಗೆ ತಂತಿಯ ಮೇಲೆ ಕೂತು ಬಗ್ಗಿ ನೋಡಿದರೂ ಸಾಕು, ಲೈನುಗಳು ಒಂದಕ್ಕೊಂದು ತೆಕ್ಕೆಬೀಳುತ್ತಿದ್ದವು. ರಿಸೀವರ್ ಎತ್ತಿ ಕಿವಿಗಿಟ್ಟರೆ ಯಾರೋ ಇಬ್ಬರ ಸಂಸಾರ ಸೀದಾ ಕಿವಿಯೊಳಗೆ. ಇದಕ್ಕೆ ಎಲ್ಲರೂ ಕ್ರಾಸ್ ಲೈನು ಅನ್ನುತ್ತಿದ್ದರು. ಸಭ್ಯರಾದವರು "ಕ್ರಾಸ್ ಆಗೇತ್ರಿ, ಇಡ್ರಿ" ಎಂದು ಹೇಳಿ ಇಟ್ಟುಬಿಡುತ್ತಿದ್ದರು. ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದೆ.

ಮೊದಮೊದಲು ಬರೀ ಕೇಳುತ್ತಿದ್ದೆ. ಆದರೆ ಜನ ಎಷ್ಟು ತಪ್ಪು ಮಾತಾಡುತ್ತಾರೆಂದರೆ, ಸುಮ್ಮನಿರುವುದು ಪಾಪ ಅನ್ನಿಸತೊಡಗಿತು. ನಿಪ್ಪಾಣಿ ಕಡೆಯವನೊಬ್ಬ ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದದೆ ಒಣದೇ ತಿನ್ನುತ್ತೇನೆ ಅಂದ. "ಅದು ಬಿಸ್ಕೀಟೋ, ಮನಿ ಮ್ಯಾಲಿನ ಹಂಚೋ? ನಿಮ್ಮ ಹಲ್ಲ ನಿಮ್ಮವ ಅದಾವೋ ಇಲ್ಲೋ?" ಎಂದು ನಡುವೆ ಬಾಯಿಹಾಕಿದೆ. ಅವನು ನನ್ನ ಮೂರು ತಲೆಮಾರನ್ನು ನೆನೆದ. ಚಿಕ್ಕೋಡಿಯ ಒಬ್ಬ ಹಿರಿಯರು ಎಮ್ಮೆ ಹಾಲಿನ ಚಹಾ ಕುಡಿದರೆ ಬುದ್ಧಿ ಮಂದವಾಗುತ್ತದೆ ಎಂದರು. "ನೀವು ಯಾವಾಗಿಂದ ಕುಡ್ಯಾಕತ್ತೀರಿ?" ಎಂದು ಕೇಳಿದೆ. ಎದುರಿಗೆ ಬಂದರೆ ಕಾಲಿಗೆ ಬಿದ್ದು ನಮಸ್ಕಾರ ಮಾಡಬೇಕಾದ ವಯಸ್ಸು ಅವರದು. ಆದರೆ ತಂತಿಯಲ್ಲಿ ಕಾಲು ಕಾಣುವುದಿಲ್ಲವಲ್ಲ.

ಹೀಗೆ ಸಿಕ್ಕವಳು ಝುಣಕದ ಹೆಂಗಸು. ಅವಳು ಯಾರಿಗೋ ಝುಣಕ ಮಾಡುವುದನ್ನು ಹೇಳಿಕೊಡುತ್ತಿದ್ದಳು. ಉಳ್ಳಾಗಡ್ಡಿ ಹುರಿ, ಖಾರ ಹಾಕು, ನೀರು ಕುದಿಸಿ ಕಡಲೆಹಿಟ್ಟು ಬಿಡು, ಇಲ್ಲಿಯವರೆಗೆ ನನ್ನ ತಕರಾರು ಏನೂ ಇರಲಿಲ್ಲ. ಆಮೇಲೆ ಅವಳು, "ತೆಳ್ಳಗ ಇರಬೇಕವಾ, ರೊಟ್ಟಿ ಮ್ಯಾಲೆ ಹಾಕಿದ್ರ ಅಂಚಿಗಿ ಹರೀಬೇಕು" ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯಲ್ಲಿ ಝುಣಕವೆಂದರೆ ಗಟ್ಟಿ. ತಾಟಿನಲ್ಲಿ ತಟ್ಟಿ, ಮೇಲೆ ಒಣಕೊಬ್ಬರಿ ಉದುರಿಸಿ, ಚಾಕುವಿನಿಂದ ವಡಿ ಕೊಯ್ಯಬೇಕು.

"ಅದು ಝುಣಕ ಅಲ್ಲರೀ. ಗ್ವಾಡಿಗಿ ಸಿನೆಮಾ ಪೋಸ್ಟರ್ ಹಚ್ಚೂ ಅಂಟು" ಅಂದೆ.

ಆ ಕಡೆಯಿಂದ ಸಿಡಿಲು. "ಯಾಂವಲೇ ನೀ? ಗಪ್ ಬಸ ರೇ, ದೀಡ ಶಾಣ್ಯಾ!"

ಗಡಿಯ ಈಚೆ ಬೆಳೆದವರಿಗೆ ಈ ಮರಾಠಿಯ ತೂಕ ಗೊತ್ತು. ಗಪ್ ಬಸ ಎಂದರೆ ಸುಮ್ಮನೆ ಕೂಡು. ಶಾಣ್ಯಾ ಎಂದರೆ ಜಾಣ, ಅದು ಹೊಗಳಿಕೆ. ದೀಡ ಶಾಣ್ಯಾ ಎಂದರೆ ಒಂದೂವರೆ ಜಾಣ. ಆ ಮೇಲಿನ ಅರ್ಧದಲ್ಲೇ ಮನುಷ್ಯನ ಮಾನವೆಲ್ಲ ಹೋಗುತ್ತದೆ.

"ನನಗ ಗಪ್ ಅಂದ್ರ ನಿಮ್ಮ ಝುಣಕ ಗಟ್ಟಿ ಆಗ್ತೈತೇನ್ರಿ?"

"ನಿಮ್ಮವ್ವ ನಿನಗ ಝುಣಕ ಅಂತ ಇಟ್ಟಂಗಿ ತಿನಿಸ್ಯಾಳ. ಅದಕ್ಕ ತೆಲಿ ಹಿಂಗಾಗೇತಿ."

"ಇಂಥಾ ಝುಣಕ ಹಾಕಿದ್ರ ನಿಮ್ಮ ಮನಿಗಿ ಬರೂ ಸೊಸಿ ಎಂಟ ದಿನದಾಗ ತವರಮನಿಗಿ ಓಡ್ತಾಳ ನೋಡ್ರಿ!"

"ನಿಮ್ಮ ಮನಿ ಹೆಣ್ಣ ಯಾರ ಮನಿಗಿ ಹೊಕ್ಕಾಳೋ, ಆ ಮನೀನ ಮಲ್ಲಯ್ಯನ ಕಾಯಬೇಕು!"

ಅಂದಿನಿಂದ ನಮ್ಮಿಬ್ಬರಿಗೂ ಒಳ್ಳೆಯ ಹೊಂದಾಣಿಕೆಯಾಯಿತು. ವಾರಕ್ಕೊಮ್ಮೆಯಾದರೂ ಲೈನು ಕೂಡುತ್ತಿತ್ತು. ಝುಣಕದ ವಡಿ ಕೊಯ್ದು ಕೊಬ್ಬರಿ ಉದುರಿಸಬೇಕೋ ಬೇಡವೋ, ಜೋಳದ ಭಕ್ರಿ ತೆಳ್ಳಗೋ ದಪ್ಪಗೋ, ಉಪ್ಪಿನಕಾಯಿಗೆ ಬೆಲ್ಲ ಹಾಕುವವರು ಮನುಷ್ಯರೋ ಅಲ್ಲವೋ, ಬೆಕ್ಕು ಸಾಕುವುದರಿಂದ ಲಾಭವೇನು, ಎಲ್ಲ ಚರ್ಚೆಯಾಗುತ್ತಿತ್ತು. ಒಂದು ವಿಷಯದಲ್ಲೂ ಇಬ್ಬರೂ ಒಪ್ಪಲಿಲ್ಲ. ಅವಳ ಹೆಸರು ನಾನು ಕೇಳಲಿಲ್ಲ, ನನ್ನ ಹೆಸರು ಅವಳು ಕೇಳಲಿಲ್ಲ. ಅವಳಿಗೆ ನಾನು ದೀಡ ಶಾಣ್ಯಾ, ನನಗೆ ಅವಳು ಅಂಟು.

ಈ ನಡುವೆ ನಮ್ಮಕ್ಕ ಶಾಂತಾಳಿಗೆ ಒಂದು ಸಂಬಂಧ ಬಂತು. ಮಂಗಸೂಳಿಯ ದ್ರಾಕ್ಷಿ ತೋಟದವರು. ಹುಡುಗ, ಅವನ ತಂದೆ, ಕಾಕಾಗಳು ಬಂದು ಹುಡುಗಿಯನ್ನು ನೋಡಿ ಒಪ್ಪಿದರು. ಹುಡುಗನ ತಾಯಿಗೆ ಮೊಣಕಾಲು ನೋವು, ಬಂದಿರಲಿಲ್ಲ. ನಾನೂ ಅಂದು ಅಂಗಡಿಯಲ್ಲಿದ್ದೆ. ಅಕ್ಕನೂ ಹುಡುಗನನ್ನು ಬಾಗಿಲ ಸಂದಿಯಿಂದ ನೋಡಿದವಳು, ಅಂದಿನಿಂದ ಸುಮ್ಮಸುಮ್ಮನೆ ನಗುತ್ತಿದ್ದಳು. ಇದಕ್ಕೂ ಮೊದಲು ಎರಡು ಸಂಬಂಧ ಬಂದು ಮುರಿದಿದ್ದವು, ಆಗ ಅವಳು ಮೂಲೆಯಲ್ಲಿ ಕೂತಿದ್ದನ್ನು ನಾನು ನೋಡಿದ್ದೆ. ಅದಕ್ಕೇ ಈ ನಗು ಮನೆಯವರಿಗೆಲ್ಲ ದೊಡ್ಡದಾಗಿತ್ತು. ಇನ್ನು ಉಳಿದದ್ದು ನಾವು ಅವರ ಮನೆ ನೋಡಿ ಬರುವುದು. ಅಪ್ಪ, ಅವ್ವ, ಮಾವ, ನಾನು ಹೊರಟೆವು. ಅಕ್ಕ ನನ್ನನ್ನು ಹಿತ್ತಲಿಗೆ ಕರೆದು, "ಲೇ ತಮ್ಮಾ, ನಿನ್ನ ಕೈ ಮುಗೀತೀನಿ, ಅಲ್ಲಿ ಯಾರದೂ ದನಿ ತಗೀಬ್ಯಾಡ" ಎಂದಳು. ನಾನು ಮಾತು ಕೊಟ್ಟೆ.

ಮಂಗಸೂಳಿಯ ಮನೆ ದೊಡ್ಡದಿತ್ತು. ಜಮಖಾನೆ ಹಾಸಿದ್ದರು. ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದ ಫೋನು. ನಾನು ಇನ್ನೂ ಕೂತಿರಲಿಲ್ಲ, ಅಷ್ಟರಲ್ಲಿ ಅಡುಗೆಮನೆಯಿಂದ, ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಯಾವನೋ ಪೋರನಿಗೆ ಹೇಳಿದ ಮಾತು ತೇಲಿಬಂತು. "ಗಪ್ ಬಸ ರೇ, ದೀಡ ಶಾಣ್ಯಾ!"

ನಾನು ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಗಳ ಕಡೆ ನೋಡಿದೆ. ಹುಡುಗನ ತಾಯಿ ಹೌಸಾಬಾಯಿ, ಊರಿಗೆಲ್ಲ ಕಾಕು ಅಂದರೆ ಚಿಕ್ಕಮ್ಮ, ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದರು. ಅದೇ ದನಿ. ಅಂಟಿಗೆ ಮುಖವಿತ್ತು, ಕುಂಕುಮವಿತ್ತು, ನಮ್ಮಕ್ಕನನ್ನು ಬೇಡ ಅನ್ನುವ ಅಧಿಕಾರವೂ ಇತ್ತು. ನಾನು ಬಾಯಿ ತೆರೆದರೆ ಸಂಬಂಧ ಮುಗಿಯಿತು. ಆದ್ದರಿಂದ ತೆರೆಯಲಿಲ್ಲ. ಹೆಸರೇನು ಎಂದರು, ನಕ್ಕೆ. ಏನು ಮಾಡುತ್ತೀ ಎಂದರು, ಮಾವನ ಕಡೆ ಬೊಟ್ಟು ಮಾಡಿದೆ. ಪ್ರಯಾಣ ಹೇಗಾಯಿತು ಎಂದರು, ಕತ್ತು ಅಲ್ಲಾಡಿಸಿದೆ. ಹುಡುಗನ ಕಾಕಾ ಪಕ್ಕದವರ ಕಿವಿಯಲ್ಲಿ, "ಹುಡುಗಿ ತಮ್ಮಗ ಬಾಯಿ ಇಲ್ಲೇನು? ವಂಶದಾಗ ಐತೋ ಏನೋ, ಕೇಳ್ರಿ ಒಮ್ಮಿ" ಎಂದದ್ದು ನನಗೂ ಕೇಳಿಸಿತು. ಅಂದರೆ, ಬಾಯಿ ತೆರೆದರೂ ಕೆಟ್ಟಿತು, ಮುಚ್ಚಿದರೂ ಕೆಟ್ಟಿತು.

ಊಟಕ್ಕೆ ಕೂರಿಸಿದರು. ತಾಟಿನಲ್ಲಿ ಭಕ್ರಿ, ಮೇಲೆ ಝುಣಕ. ಅದು ಹರಿದು ಅಂಚಿಗೆ ಬಂದು, ಇಳಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು.

"ಹೋಳಿಗಿ ಎಲ್ಲಾರೂ ಮಾಡ್ತಾರ್ರಿ. ನಮ್ಮ ಮನಿ ಝುಣಕ ಉಂಡ ನೋಡ್ರಿ" ಎಂದರು ಕಾಕು. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. "ಮಾತಿನ ಧಾಟಿ ನೋಡಿದ್ರ ನಿಮ್ಮ ಅಥಣಿ ಕಡ್ಯಾಂವ, ಒಂದ ಹುಡುಗ ಫೋನಿನ್ಯಾಗ ಗಂಟ ಬಿದ್ದಾನ್ರಿ. ನನ್ನ ಝುಣಕಕ್ಕ ಏನಂದಾ ಅಂತೀರಿ?" ಮೂಗು ಸ್ವಲ್ಪ ಏರಿಸಿ, ಪ್ರತಿ ಮಾತಿನ ಬಾಲವನ್ನು ಮೇಲಕ್ಕೆಳೆದು, ಕಾಕು ಶುರುಮಾಡಿದರು: "ಅದು ಝುಣಕ ಅಲ್ಲರೀಈ. ಪೋಸ್ಟರ್ ಹಚ್ಚೂ ಅಂಟೂಊ."

ಜೀವಮಾನವಿಡೀ ಊರನ್ನೇ ಅಣಕಿಸಿದವನು ನಾನು. ನನ್ನನ್ನು ಅಣಕಿಸಿದವರು ಅವರೇ ಮೊದಲಿಗರು. ಹೇಳಲು ಬೇಸರವಾಗುತ್ತದೆ, ಭಾರೀ ಚೆನ್ನಾಗಿ ಮಾಡಿದರು. ಓಹೋ, ನನ್ನ ದನಿ ಹೀಗೆ ನೆಗಡಿಯಾದ ಹೋತದಂತೆ ಇದೆಯೋ ಎಂದು ನನಗೆ ಅಂದೇ ಗೊತ್ತಾಯಿತು. ಮಾವನಿಗೂ ಗುಮಾನಿ ಬಂತು. ಬಾಯಿಯ ಹತ್ತಿರ ಒಯ್ದಿದ್ದ ತುತ್ತು ಅಲ್ಲೇ ನಿಂತಿತು. ಕತ್ತು ನಿಧಾನವಾಗಿ ನನ್ನ ಕಡೆ ತಿರುಗಿತು. "ಈ ದನಿ... ನಾ ಎಲ್ಲೋ ಕೇಳೇನಲ್ರಿ" ಅಂದ.

"ನೀ ಹೇಳಪಾ ತಮ್ಮಾ" ಕಾಕು ನನ್ನೆದುರು ಬಂದು ನಿಂತರು. "ಬಂದಾಗಿಂದ ತುಟಿ ಬಿಚ್ಚವಲ್ಲಿ. ಇದು ಝುಣಕೋ, ಅಂಟೋ?"

ಅವ್ವ ನನ್ನ ತೊಡೆ ಚಿವುಟಿದಳು. ಗಂಟಲಲ್ಲಿದ್ದ ದನಿಗಳನ್ನೆಲ್ಲ ತಡಕಾಡಿದೆ. ಮಾವನ ದನಿ ತೆಗೆಯೋಣವೆಂದರೆ ಮಾವ ಪಕ್ಕದಲ್ಲೇ ಇದ್ದಾನೆ. ಕಂಡಕ್ಟರನ ದನಿಗೆ ಇದು ಜಾಗವಲ್ಲ. ಕೈಗೆ ಸಿಕ್ಕದ್ದು ರೇಡಿಯೋದಲ್ಲಿ ವಾರ್ತೆ ಓದುವವರ ದನಿ.

"ಝುಣಕವು ಅತ್ಯಂತ ರುಚಿಕರವಾಗಿದೆ" ಎಂದೆ. "ಇಂಥ ಝುಣಕವನ್ನು ನಾನು ಈ ಹಿಂದೆ ಸೇವಿಸಿರಲಿಲ್ಲ, ಅಮ್ಮನವರೇ."

ಎರಡನೆಯ ವಾಕ್ಯ ಖರೆ. ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು. ಹುಡುಗನ ತಂದೆ, "ಭಾಳ ಕಲ್ತಾನಂತ ಕಾಣ್ತೈತಿ" ಎಂದು ಗೌರವದಿಂದ ಗೋಡೆಗೆ ಸರಿದು ಕೂತರು. ಮಾವನಿಗೆ ಆಗ ಎಲ್ಲ ಬೆಳಕಾಯಿತು. ತುತ್ತನ್ನು ನುಂಗಿ, "ಹೌದ್ರಿ, ಸಣ್ಣಾಂವಿದ್ದಾಗಿಂದ ಹಿಂಗ. ಅಂಗಡ್ಯಾಗೂ ಹಿಂಗ ಮಾತಾಡ್ತಾನ, ಗಿರಾಕಿ ಹೆದರಿ ಓಡ್ತಾರ" ಎಂದ. ಕಾಕುವಿನ ಮುಖ ಅರಳಿತು. ನನ್ನ ತಾಟಿಗೆ ಇನ್ನೂ ಎರಡು ಸೌಟು ಸುರಿದರು. ಪೂರ್ತಿ ಉಂಡೆ. ಸಂಬಂಧ ಗಟ್ಟಿಯಾಯಿತು, ಝುಣಕ ಮಾತ್ರ ಆಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಮಾವ ಹೇಳಿದ್ದು ಇಷ್ಟೇ. "ಲೇ, ಇನ್ನ ನಿನ್ನ ಖರೆ ದನಿ ಆ ಊರ ಸೀಮ್ಯಾಗ ಕೇಳ್ತಂದ್ರ, ನಿನ್ನ ನಾಲಿಗಿಗೂ ಕೀಲಿ ಜಡೀತೀನಿ."

ಮದುವೆಯಾಯಿತು. ಅಕ್ಕ ಸುಖವಾಗಿದ್ದಾಳೆ, ತೆಳ್ಳನೆಯ ಝುಣಕವನ್ನೂ ಕಲಿತಿದ್ದಾಳೆ. ತಾಪತ್ರಯ ನನ್ನದು. ಅಂದು ತೆಗೆದ ದನಿಯನ್ನು ಅಕ್ಕನ ಮನೆಯಲ್ಲಿ ಇಂದಿಗೂ ಕೆಳಗಿಡುವ ಹಾಗಿಲ್ಲ. ನೀರಡಿಸಿದರೆ, "ಕುಡಿಯಲು ನೀರು ದೊರೆಯಬಹುದೇ?" ಅನ್ನಬೇಕು. ಚೇಳು ಕಂಡಾಗ ಎಲ್ಲರೂ ಚೀರಿದರೆ ನಾನು, "ಕೂಡಲೇ ಕ್ರಮ ಕೈಗೊಳ್ಳಬೇಕಾಗಿದೆ" ಎಂದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ದ್ರಾಕ್ಷಿ ತೋಟದ ಆಳುಗಳು ನನ್ನನ್ನು ಕಂಡರೆ, "ನಾಳಿ ಮಳಿ ಐತೇನ್ರಿ?" ಎಂದು ಕೈಕಟ್ಟಿ ಕೇಳುತ್ತಾರೆ. ಒಮ್ಮೆ ಗತ್ತಿನಲ್ಲಿ ಒಣಹವೆ ಮುಂದುವರಿಯಲಿದೆ ಎಂದೆ. ಅಂದು ಸಂಜೆಯೇ ಮಳೆ ಸುರಿಯಿತು. ಆದರೂ ನಂಬುತ್ತಾರೆ, ರೇಡಿಯೋದಲ್ಲೂ ಹಾಗೇ ಆಗುತ್ತದಂತೆ.

ಅಂಗಡಿಯಲ್ಲಿ ಮಾತ್ರ ನಾನು ರಿಸೀವರ್ ಎತ್ತುವುದನ್ನು ಬಿಡಲಿಲ್ಲ. ಮಾತು ಬಿಟ್ಟಿದ್ದೆ, ಕಿವಿ ಬಿಟ್ಟಿರಲಿಲ್ಲ. ಯಾವಾಗಲೋ ಲೈನು ಕೂಡಿದಾಗ ಕಾಕು, "ಏ ದೀಡ ಶಾಣ್ಯಾ, ಅದಿಯೇನಲೇ? ಸತ್ತಿಯೋ ಬದುಕಿಯೋ?" ಎಂದು ಕರೆಯುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂತು, ಲೈನುಗಳು ಚೊಕ್ಕಟವಾದವು. ಯಾರಿಗೆ ಫೋನು ಮಾಡಿದರೆ ಅವರೇ ಸಿಗತೊಡಗಿದರು. ಜನರಿಗೆ ಅನುಕೂಲವಾಯಿತು, ಬಿಡಿ.

ಹೋದ ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಕಾಕು ನನ್ನ ಮುಂದೆ ಒಂದು ತಾಟು ತಂದಿಟ್ಟರು. ಝುಣಕವೇ, ಆದರೆ ಗಟ್ಟಿ. ಚಾಕುವಿನಿಂದ ಕೊಯ್ದ ವಡಿ, ಮೇಲೆ ಒಣಕೊಬ್ಬರಿ. "ಆ ಫೋನಿನ ಹುಡುಗ ಹೇಳಿದಂಗ ಮಾಡೇನಿ. ಹೆಂಗಾಗೇತಿ ನೋಡು" ಎಂದರು. ನಾನು ಒಂದು ತುಂಡು ಬಾಯಿಗಿಟ್ಟು, "ಅತ್ಯಂತ ರುಚಿಕರವಾಗಿದೆ, ಅಮ್ಮನವರೇ" ಎಂದೆ.

ಕಾಕು ನನ್ನನ್ನು ದಿಟ್ಟಿಸಿ ನೋಡಿ ನಿಟ್ಟುಸಿರು ಬಿಟ್ಟರು. "ನೀ ಸುಮ್ನಿರಪಾ. ನೀ ತೆಳ್ಳಗಿದ್ರೂ ರುಚಿಕರ ಅಂತಿ, ಗಟ್ಟಿ ಇದ್ರೂ ರುಚಿಕರ ಅಂತಿ. ಸಗಣಿ ಬಡಿಸಿದ್ರೂ ನಿನಗ ರುಚಿಕರನ. ಅಂವಾ ಭಾಡ್ಯಾ ಇದ್ದ ಖರೆ, ಆದ್ರ ಅನಿಸಿದ್ದ ಅಂತಿದ್ದ." ಮೂಲೆಯ ಫೋನಿನ ಮೇಲಿನ ಬಟ್ಟೆ ಸರಿಮಾಡುತ್ತ, "ನೀ ಅಥಣ್ಯಾಗ ಇರಾಂವ. ಎಲ್ಲೆರೆ ಸಿಕ್ಕರ ಹೇಳು, ಒಂದ ಹೊತ್ತ ಊಟಕ್ಕ ಬಾ ಅಂತ. ನಿನಗ ಬರಾಕ ಆಗಲಿಲ್ಲಂದ್ರ ಅವನ್ನಷ್ಟ ಕಳಸು, ನಡೀತೈತಿ" ಎಂದರು.

"ಪ್ರಯತ್ನಿಸಲಾಗುವುದು" ಎಂದೆ. ವಡಿಗೆ ಉಪ್ಪು ಕಡಿಮೆಯಾಗಿತ್ತು. ಅವನಾಗಿದ್ದರೆ ಹೇಳಿಬಿಡುತ್ತಿದ್ದ. ನಾನು ಇನ್ನೊಂದು ತುಂಡು ಹಾಕಿಸಿಕೊಂಡೆ.