ಬರ್ರಿ, ಕೂಡ್ರಿ, ಬಿಡ್ತೇನಿ

ನಮ್ಮ ಬೀದರ ಕಡೆ ಮನುಷ್ಯ ಏನು ಬೇಕಾದರೂ ಮಾಡಬಹುದು, ಸುಮ್ಮನೆ ನಡೆಯುವ ಹಾಗಿಲ್ಲ. ಬೆಳಿಗ್ಗೆ ಕೋಟೆಯೊಳಗೆ ಸುತ್ತು ಹಾಕುವವರ ಮಾತು ಬೇರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಡಾಕ್ಟರು ಹೇಳಿದ್ದಾರೆ, ಊರು ಅವರನ್ನು ಕ್ಷಮಿಸುತ್ತದೆ. ಆದರೆ ಮನೆಯಲ್ಲಿ ಸ್ಕೂಟರು ಇಟ್ಟುಕೊಂಡ ಒಬ್ಬ ಗೃಹಸ್ಥ ಹಾಡಹಗಲೇ ಊರಿಂದ ಊರಿಗೆ ನಡೆದು ಹೊರಟನೆಂದರೆ ಅವನಿಗೆ ಏನೋ ಆಗಿದೆ ಎಂದೇ ಅರ್ಥ. ಹಿಂದಿನಿಂದ ಬಂದ ಗಾಡಿ ಪಕ್ಕದಲ್ಲಿ ನಿಲ್ಲುತ್ತದೆ. "ಬರ್ರಿ, ಕೂಡ್ರಿ, ಬಿಡ್ತೇನಿ" ಎಂಬ ಮಾತು ಬರುತ್ತದೆ. ಬೇಡವೆಂದರೆ ಗಾಡಿಯವನಿಗೆ ಅವಮಾನ. ದೂರುವ ಅಧಿಕಾರ ನನಗಿಲ್ಲ ಬಿಡಿ. ನಾನೂ ಇದೇ ಜಾತಿಯವನು. ಒಮ್ಮೆ ಊಟವಾದ ಮೇಲೆ ತಮ್ಮ ಮನೆಯ ಮುಂದೆಯೇ ಅಡ್ಡಾಡುತ್ತಿದ್ದ ಹಿರಿಯರೊಬ್ಬರನ್ನು ಬಲವಂತದಿಂದ ಹತ್ತಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದಿದ್ದೇನೆ. ಪಾಪ, ಸಂಕೋಚದ ಮನುಷ್ಯ, ನಮಸ್ಕಾರ ಮಾಡಿ ಇಳಿದರು.

ಇಂಥ ನನಗೆ ನಡೆಯುವ ಪ್ರಸಂಗ ಬಂದದ್ದು ನನ್ನ ಹೆಂಡತಿ ಸುಮಿತ್ರಾಳಿಂದ. ಅವಳು ಬೀದರದಲ್ಲೇ ಒಂದು ಶಾಲೆಯ ಮಾಸ್ತರಿಣಿ. ನಾನು ಭಾಲ್ಕಿಯ ಒಂದು ಕಚೇರಿಯಲ್ಲಿ ಕೂತು ಕೂತು ಕುರ್ಚಿಯ ಆಕಾರಕ್ಕೆ ಬಂದವನು. ಅವಳ ಶಾಲೆಯವರೆಲ್ಲ ಸೇರಿ ಬೇಸಿಗೆ ರಜೆಗೆ ಕುಮಟಾ ಕಡೆ ಹೋಗಿ ಸಮುದ್ರದ ದಂಡೆಗುಂಟ ನಡೆಯುವುದೆಂದು ನಿಶ್ಚಯಿಸಿದ್ದರು. ಉಪ್ಪಿನ ಆಗರಗಳ ಬದುವಿನ ಮೇಲೆ ನಡೆದು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಜೌಗು ದಾಟಿ, ಪಕ್ಕದ ಕಾಡಿನೊಳಗೆ ಹಾಯ್ದು ಆಚೆ ಊರು ಸೇರುವುದು. ಮನೆಯವರನ್ನು ಕರೆತರಬಹುದು ಎಂದಿದ್ದರಂತೆ. ಅವಳು ಮೊಬೈಲಿನಲ್ಲಿ ದಾರಿ ತೋರಿಸಿದಳು. ನನಗೆ ಮೊದಲು ಕಂಡದ್ದು ಪಕ್ಕದಲ್ಲಿ ದಪ್ಪಗೆ ಓಡುತ್ತಿದ್ದ ಹೆದ್ದಾರಿ.

"ರೋಡ್ ಇದ್ದ ಮ್ಯಾಲ ನಡಿಯೂದು ಯಾಕ?" ಎಂದೆ.

ಅವಳು ಮೊಬೈಲು ಕೆಳಗಿಟ್ಟಳು. "ಲಗ್ನಾದಾಗಿಂದ ಸ್ಕೂಟರಿನ ಹಿಂದ ಕೂತು ನಿಮ್ಮ ಅಂಗಿ ಬೆನ್ನು ನೋಡೇನಿ. ನಾ ಏನ್ ಹೇಳಿದ್ರೂ ನೀವು 'ಹಾಂ' ಅಂತೀರಿ, ಗಾಳಿಗಿ ಏನೂ ಕೇಳಂಗಿಲ್ಲ ಅಂತೀರಿ. ಒಂದು ಸಲ ಬಾಜೂಕ ನಡಕೋತ ಮಾತಾಡಬೇಕಂತ ಆಸಿ ಅದರಿ ನನಗ."

ಅವಳು ಹೇಳಿದ್ದು ಖರೆ. ಬರುತ್ತೇನೆ ಎಂದೆ. ಆದರೆ ಅವಳು ಮಾಸ್ತರಿಣಿ. ಬರುತ್ತೇನೆ ಎಂದ ಮಾತ್ರಕ್ಕೆ ಪಾಸು ಮಾಡುವವಳಲ್ಲ.

"ನಿಮ್ಮ ನಡಿಗಿ ನನಗ ಗೊತ್ತದ. ಅಲ್ಲಿ ನಡು ದಾರಿಯಾಗ ಕೂತುಬಿಟ್ರ ಹೊತ್ಕೊಂಡು ಬರೂದು ನನ್ನ ಕಡಿಂದ ಆಗಂಗಿಲ್ಲ. ಮೊದಲ ಇಲ್ಲಿಂದ ಮನ್ನಳ್ಳಿ ತನಕ ನಡದು ತೋರಸ್ರಿ. ಗಾಡಿ ಹತ್ತಿದ್ರ ಶಾಲಿಯಾಗ ನಿಮ್ಮ ಹೆಸರು ಕೊಡಂಗಿಲ್ಲ ನೋಡ್ರಿ."

ಮನ್ನಳ್ಳಿ ಅವಳ ತವರು. ಈ ಊರನ್ನು ಆರಿಸಿಕೊಂಡದ್ದರಲ್ಲೇ ಅನರ್ಥವಿತ್ತು. ಅದು ಅವಳಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯುವ ಪ್ರಶ್ನೆಯೇ ಇಲ್ಲ.

ಭಾನುವಾರ ಬೆಳಿಗ್ಗೆ ಹೊಸ ಬೂಟು ಹಾಕಿ, ಹೆಗಲಿಗೆ ಚೀಲ ಏರಿಸಿ ಹೊರಟೆ. ಚೀಲದಲ್ಲಿ ನೀರು, ರೊಟ್ಟಿ, ಶೇಂಗಾ ಹಿಂಡಿ, ಬೆವರಿದರೆ ಇರಲಿ ಎಂದು ಒಂದು ಜೊತೆ ಬಟ್ಟೆ. ಕನ್ನಡಿಯಲ್ಲಿ ನೋಡಿಕೊಂಡಾಗ ಹಿಮಾಲಯಕ್ಕೆ ಹೊರಟವನ ಹಾಗೆ ಕಂಡೆ. ಗಾಂಧಿ ಗಂಜಿನ ಹತ್ತಿರ ಬರುವಷ್ಟರಲ್ಲಿ ಮನೆ ಬಿಟ್ಟವನ ಹಾಗೆ ಕಾಣುತ್ತಿದ್ದೆ ಎಂಬುದು ರಫೀಕ್ ಭಾಯಿಯ ಮುಖದಿಂದ ತಿಳಿಯಿತು. ಅವರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ನನ್ನ ಹಳೆಯ ಗೆಳೆಯರು.

"ಅರೇ ಸಾಬ್, ಪೈದಲ್? ಗಾಡಿಗಿ ಏನಾಗೇದ?"

"ಗಾಡಿ ಚಲೋ ಅದ ಭಾಯಿ. ಸುಮ್ಮ ನಡಕೋತ ಮನ್ನಳ್ಳಿಗಿ ಹೊಂಟೇನಿ."

ರಫೀಕ್ ಭಾಯಿ ನನ್ನ ಚೀಲ ನೋಡಿದರು. ದನಿ ತಗ್ಗಿಸಿದರು. "ಭಾಬೀ ಮನ್ಯಾಗ ಅದಾರೇನು?"

"ಅದಾರ" ಎಂದೆ. ಅವರು ನಂಬಲಿಲ್ಲ. "ಬರ್ರಿ, ಕೂಡ್ರಿ, ನಾ ಬಿಡ್ತೇನಿ, ನಾನೂ ಎರಡು ಮಾತು ಹೇಳ್ತೇನಿ ಅವರಿಗಿ" ಎಂದು ಗಾಡಿಯ ಕೀಲಿ ತೆಗೆದೇಬಿಟ್ಟರು. "ಬ್ಯಾಡ್ರಿ, ನನಗ ನಡಿಯೂದಂದ್ರ ಭಾಳ ಖುಷಿ" ಎಂದು ತಪ್ಪಿಸಿಕೊಂಡೆ. ಇಷ್ಟು ವರ್ಷದ ಸ್ನೇಹದಲ್ಲಿ ನಾನು ಗಂಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದದ್ದನ್ನೂ ಅವರು ಕಂಡವರಲ್ಲ. ಆ ಖುಷಿಯ ಮಾತೇ ಅವರ ಅನುಮಾನವನ್ನು ಗಟ್ಟಿ ಮಾಡಿತೆಂದು ಕಾಣುತ್ತದೆ.

ಊರ ಹೊರಗೆ ಬಂದ ಮೇಲೆ ಮೋಟರ್‌ಸೈಕಲ್ಲುಗಳ ಸಾಲು ಶುರುವಾಯಿತು. ನಿಲ್ಲಿಸಿದವರಿಗೆಲ್ಲ ನನ್ನದು ಅದೇ ಖುಷಿಯ ಮಾತು. ಅವರು ನನ್ನನ್ನು ಬಿಟ್ಟು ಮುಂದೆ ಹೋಗುತ್ತಿದ್ದರು, ಅವರ ಜೊತೆ ಸುದ್ದಿಯೂ ಮುಂದೆ ಹೋಗುತ್ತಿತ್ತು. ಗಂಡಸು ಒಬ್ಬನೇ, ಬಟ್ಟೆಯ ಚೀಲ ಹೊತ್ತು, ಹೆಂಡತಿಯ ತವರಿನ ದಾರಿಯಲ್ಲಿ, ನಡೆದು ಹೊರಟಿದ್ದಾನೆ, ಹತ್ತು ಎಂದರೆ ಹತ್ತುವುದಿಲ್ಲ. ಇದಕ್ಕೆ ನಮ್ಮ ಕಡೆ ಒಂದೇ ಅರ್ಥ. ಹೆಂಡತಿ ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದ್ದಾಳೆ, ಇವನು ಕಾಲು ಹಿಡಿದು ಕರೆತರಲು ಹೊರಟಿದ್ದಾನೆ. ಯಾರೋ ಪುಣ್ಯಾತ್ಮರು ಸ್ಕೂಟರಿನ ಕೀಲಿಯನ್ನೂ ಅವಳೇ ಕಸಿದುಕೊಂಡು ಹೋಗಿದ್ದಾಳೆ ಎಂದು ಸೇರಿಸಿದರಂತೆ. ಸುದ್ದಿ ಔರಾದಿನಲ್ಲಿರುವ ನನ್ನ ಭಾವಮೈದುನನಿಗೂ ಮುಟ್ಟಿತು. ಅವನು ಗಾಬರಿಯಿಂದ ಸುಮಿತ್ರಾಳಿಗೆ ಫೋನು ಮಾಡಿದ.

"ಅಕ್ಕಾ, ಮನ್ನಳ್ಳಿಗಿ ಯಾವಾಗ ಹೋದಿ?"

"ನಾ ಬೀದರದಾಗ ರೊಟ್ಟಿ ಮಾಡ್ಲಿಕತ್ತೇನಿ."

"ನನ್ನ ಮುಂದ ಮುಚ್ಚಿಡಬ್ಯಾಡ ಅಕ್ಕಾ. ಏನಂದ್ರು ಅವರು ನಿನಗ?"

ಇದು ನನಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಗೊತ್ತಿದ್ದದ್ದು ಹಿಮ್ಮಡಿಯ ಉರಿ ಮತ್ತು ದೂರದಲ್ಲಿ ಕಂಡ ಮನ್ನಳ್ಳಿಯ ನೀರಿನ ಟಾಕಿ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಎದುರಿನಿಂದ ಒಂದು ಮೋಟರ್‌ಸೈಕಲ್ಲು ಬಂದು ನಿಂತಿತು. ಸುಮಿತ್ರಾಳ ಕಾಕಾ, ಶಿವಣಪ್ಪನವರು. ತಲೆಗೆ ಪಟಗಾ ಸುತ್ತಿ, ಪಂಚಾಯಿತಿಗೆ ಹಾಕುವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು.

"ಅಳಿಯಂದಿರ, ಹತ್ರಿ."

"ಇಲ್ಲರಿ ಕಾಕಾ, ಇಷ್ಟೇ ಅದ, ನಡೀತೇನಿ."

ಅವರ ಕಣ್ಣಲ್ಲಿ ನೀರು ಬಂತು. "ನಮ್ಮ ಮ್ಯಾಲೂ ಸಿಟ್ಟೇನ್ರಿ? ನಾವೇನ್ ತಪ್ಪು ಮಾಡೇವು ಹೇಳ್ರಿ."

ಕಣ್ಣೀರಿನ ಕಾಕಾನ ಎದುರು ಖುಷಿಯ ಮಾತು ಬಾಯಿಂದ ಹೊರಡಲಿಲ್ಲ. ಹತ್ತಿದೆ. ಖರೆ ಹೇಳಬೇಕೆಂದರೆ, ಹತ್ತಿದೊಡನೆ ಹಿಮ್ಮಡಿಗೆ ಸಿಕ್ಕ ಸುಖಕ್ಕೆ ನನಗೂ ಕಣ್ಣಲ್ಲಿ ನೀರು ಬಂತು. ಕಾಕಾ ಅದನ್ನು ಪಶ್ಚಾತ್ತಾಪ ಎಂದುಕೊಂಡರು.

ಮನೆಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಚಹಾ ಬಂತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸಮುದ್ರ, ಜೌಗು, ಕಾಡು, ಪರೀಕ್ಷೆ, ಎಲ್ಲ. ನಾನೇ ಕೇಳಿಸಿಕೊಂಡಾಗಲೂ ಸುಳ್ಳಿನ ಹಾಗೆಯೇ ಇತ್ತು. ಒಬ್ಬ ಅಜ್ಜ ಚಹಾದ ಬಸಿ ಕೆಳಗಿಟ್ಟು ಕೇಳಿದ. "ಉಪ್ಪಿನ ಸವಳ ನೆಲ ನೋಡ್ಲಿಕ್ಕ ಅಲ್ಲಿ ತನಕ ಹೋಗ್ತೀರೇನ್ರಿ? ನಮ್ಮ ಹಳ್ಳದ ದಂಡಿಗಿ ಬೇಕಾದಷ್ಟು ಅದಲ್ಲ." ಇನ್ನೊಬ್ಬರು, ಅದೆಲ್ಲ ಇರಲಿ, ಹುಡುಗಿಯನ್ನು ಹೊಡೆದಿಲ್ಲ ತಾನೆ ಎಂದರು.

ಅಷ್ಟರಲ್ಲಿ ಸುಮಿತ್ರಾ ಬಸ್ಸಿಳಿದು ಬಂದಳು. ಕೈಗೆ ಹಿಟ್ಟು ಅಂಟಿಕೊಂಡೇ ಇತ್ತು. ಎಲ್ಲರೂ ಅವಳನ್ನು ಸುತ್ತುವರಿದು ಸಮಾಧಾನ ಮಾಡತೊಡಗಿದರು. ಅವಳು ನಡುವಿನಿಂದ ದಾರಿ ಮಾಡಿಕೊಂಡು ಬಂದು ನನ್ನನ್ನು ಒಂದೇ ಮಾತು ಕೇಳಿದಳು.

"ಹತ್ತಿದ್ರೇನು?"

"ಟಾಕಿ ಕಾಣೂ ತನಕ ನಡದೇನಿ" ಎಂದೆ.

"ನಾನೇ ಜುಲುಮಿ ಮಾಡಿ ಹತ್ತಿಸೇನವ್ವ" ಎಂದು ಕಾಕಾ ಕೈ ಮುಗಿದರು. ಅವಳು ನನ್ನ ಗುಳ್ಳೆ ಎದ್ದ ಹಿಮ್ಮಡಿ ನೋಡಿದಳು, ಕಾಕಾನ ಇಸ್ತ್ರಿ ಅಂಗಿ ನೋಡಿದಳು. ಹೊಟ್ಟೆ ಹಿಡಿದು ನಕ್ಕಳು. "ಆಯ್ತು, ಇದು ಲೆಕ್ಕಕ್ಕಿಲ್ಲ. ಹೆಸರು ಕೊಡ್ತೇನಿ. ಆದರ ಅಲ್ಲಿ ಹತ್ತಿದ್ರ ನೋಡ್ರಿ ಮತ್ತ!"

ಹೀಗೆ ನಾನು ಸಮುದ್ರದ ದಂಡೆಗೆ ಬಂದೆ. ನೀರು ಕಟ್ಟಿದ ಆಗರಗಳು, ಬಿಳಿ ಉಪ್ಪಿನ ಗುಡ್ಡೆಗಳು, ಒಂಟಿ ಕಾಲಲ್ಲಿ ನಿಂತ ಬಕಗಳು. ಉಪ್ಪು ಎಳೆಯುತ್ತಿದ್ದ ಹೆಂಗಸರು ಒಮ್ಮೆ ತಲೆ ಎತ್ತಿ ನೋಡಿ ತಮ್ಮ ಕೆಲಸಕ್ಕೆ ಮರಳಿದರು. ಯಾಕೆ ನಡೆಯುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಮೊದಲು ಇದೇ ಸ್ವರ್ಗ ಅನಿಸಿತು. ಬಿಸಿಲೇರಿದ ಹಾಗೆ ಕೆಡುಕೆನಿಸಿತು. ಒಬ್ಬ ಮನುಷ್ಯ ಇಷ್ಟು ಬೆವರುತ್ತ ಹೋಗುತ್ತಿದ್ದರೆ ಕೂಡ್ರಿ ಎನ್ನುವವರು ಒಬ್ಬರೂ ಇಲ್ಲವಲ್ಲ, ಎಂಥ ಸೀಮೆ ಇದು! ಅದೂ ಅಲ್ಲದೆ, ಬದು ಎಷ್ಟು ಕಿರಿದೆಂದರೆ ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ಶಾಲೆಯವರೆಲ್ಲ ಮುಂದೆ, ಅವರ ಹಿಂದೆ ಸುಮಿತ್ರಾ, ಅವಳ ಹಿಂದೆ ನಾನು. ಅವಳು ಏನೋ ಹೇಳುತ್ತಿದ್ದಳು, ಕಡಲ ಗಾಳಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಬೆನ್ನು ನೋಡಿಕೊಂಡು ಕೂರುವುದೆಂದರೇನು ಎಂದು ನನಗೆ ಆ ಬದುವಿನ ಮೇಲೆ ತಿಳಿಯಿತು. ನಿಜವಾಗಿ ಪಾಪ ಅನಿಸಿತು. ಬದು ಮುಗಿಯಲಿ, ಅವಳ ಪಕ್ಕದಲ್ಲೇ ನಡೆದು ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಬದು ಮುಗಿದು ಕಾಡಿನ ದಾರಿ ಬಂತು. ಅಗಲವಾದ ಮಣ್ಣಿನ ರಸ್ತೆ. ನಾನು ಕುಂಟುತ್ತ ಹಿಂದೆ ಉಳಿದಿದ್ದೆ. ಆಗ ಉಪ್ಪಿನ ಚೀಲ ಹೇರಿಕೊಂಡ ಸಣ್ಣದೊಂದು ಟೆಂಪೋ ಬಂದು ನನ್ನ ಪಕ್ಕದಲ್ಲಿ ನಿಂತಿತು. "ಬನ್ನಿ ಸರ್, ಹತ್ತಿ, ಮುಂದೆ ಬಿಡ್ತೇನೆ" ಎಂದ ಚಾಲಕ. ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಒಂದು ಕಾಲು ಎತ್ತಿಯೂ ಆಗಿತ್ತು. ಸುಮಿತ್ರಾ ಅಲ್ಲಿಂದಲೇ ತಿರುಗಿ ನೋಡಿದಳು, ನಿಧಾನವಾಗಿ ಹಿಂದಕ್ಕೆ ಬಂದಳು.

"ಬ್ಯಾಡ್ರಿ ಅಣ್ಣಾ" ಎಂದಳು ಚಾಲಕನಿಗೆ. "ಇವರಿಗಿ ನಡಿಯೂದಂದ್ರ ಭಾಳ ಖುಷಿ."

ಟೆಂಪೋ ಹೊರಟಿತು. ಅವಳು ನನ್ನ ಪಕ್ಕಕ್ಕೆ ಬಂದು ಹೆಜ್ಜೆ ಹಾಕತೊಡಗಿದಳು. ಇಷ್ಟು ವರ್ಷ ಉಳಿದುಹೋದ ಮಾತುಗಳನ್ನು ಒಂದೊಂದಾಗಿ ಹೇಳತೊಡಗಿದಳು. ನಾನು ಪಕ್ಕದಲ್ಲೇ ಇದ್ದೆ, ಕಣ್ಣು ಮಾತ್ರ ತಿರುವಿನಲ್ಲಿ ಮರೆಯಾಗುತ್ತಿದ್ದ ಉಪ್ಪಿನ ಚೀಲಗಳ ಮೇಲಿತ್ತು. ಅವುಗಳ ಮೇಲೆ ಕೂರಲು ಒಳ್ಳೆಯ ಜಾಗವಿತ್ತು.

"ಹೌದಲ್ರಿ?" ಎಂದಳು.

"ಹಾಂ" ಎಂದೆ.

ಅವಳು ನಿಂತಳು. "ಏನಂದೆ ನಾ? ಹೇಳ್ರಿ ನೋಡೋಣು."

ಗಾಳಿಯಾದರೂ ಇದೆಯೇ ಎಂದು ಮೇಲೆ ನೋಡಿದೆ. ಆ ಕಾಡಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.